ನಮ್ಮೂರಿನ ಅಂಚೆ ಕಚೇರಿಯನ್ನು ಮುಕ್ತ ನಕ್ಷೆಗೆ ಸೇರಿಸುವುದು ಹೇಗೆ?

ಕಲಬುರಗಿಯಿಂದ ಬಸ್ಸಿನಲ್ಲಿ ಒಂದು ತಾಸು ದೂರದ ಹಳ್ಳಿಯೊಂದರಲ್ಲಿ, ಮೊಬೈಲಿನ ನಕ್ಷೆ ತೋರಿಸಿದ ಮನೆಯ ಮುಂದೆ ನಿಂತು ಅಂಚೆ ಕಚೇರಿಯ ಫಲಕಕ್ಕಾಗಿ ಹುಡುಕುತ್ತಿದ್ದೆ. ಗೋಡೆಯಲ್ಲಿ ಫಲಕ ತೂಗಿದ್ದ ಎರಡು ಮೊಳೆಗಳು ಮಾತ್ರ ಉಳಿದಿದ್ದವು. ಪರಸಿ ಕಲ್ಲಿನ ಕಟ್ಟೆಯ ಮೇಲೆ ಕುಳಿತು ಜೋಳ ಹಸನು ಮಾಡುತ್ತಿದ್ದ ಅಜ್ಜಿಯನ್ನು ಕೇಳಿದಾಗ, ‘ಹಳೀ ಮಾಸ್ತರ್ ರಿಟೈರ್ ಆದ್ರಪಾ, ಪೋಸ್ಟ್ ಈಗ ಹೊಸಾ ಮಾಸ್ತರ್ ಮನಿಗಿ ಹೋಗ್ಯಾದ’ ಎಂದರು. ನಕ್ಷೆಯಲ್ಲಿದ್ದ ಆ ಚುಕ್ಕಿಯನ್ನು ಕೆಲವು ವರ್ಷಗಳ ಹಿಂದೆ ಇಟ್ಟವನು ನಾನೇ. ಅಂಚೆ ಕಚೇರಿಗಳನ್ನು ನಕ್ಷೆಗೆ ಸೇರಿಸುವ ಕೆಲಸದ ಕಷ್ಟವೂ ಅದರ ಅಗತ್ಯವೂ ಆ ಎರಡು ಮೊಳೆಗಳಲ್ಲಿ ನನಗೆ ಒಟ್ಟಿಗೇ ಕಂಡವು.

ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಿದ್ದು, ಹತ್ತರಲ್ಲಿ ಸುಮಾರು ಒಂಬತ್ತು ಗ್ರಾಮೀಣ ಪ್ರದೇಶದಲ್ಲಿವೆ. ನಗರದ ಪ್ರಧಾನ ಅಂಚೆ ಕಚೇರಿ ಯಾವ ನಕ್ಷೆಯಲ್ಲಿಯಾದರೂ ಸಿಗುತ್ತದೆ. ಗ್ರಾಮೀಣ ಡಾಕ್ ಸೇವಕರು ನಡೆಸುವ, ಹಲವೆಡೆ ಅವರ ಮನೆಯ ಪಡಸಾಲೆಯಲ್ಲಿಯೋ ಬಾಡಿಗೆಯ ಒಂದು ಕೋಣೆಯಲ್ಲಿಯೋ ಇರುವ ಶಾಖಾ ಅಂಚೆ ಕಚೇರಿ ಮಾತ್ರ ಸಿಗುವುದಿಲ್ಲ. ಉಳಿತಾಯ ಖಾತೆಗೆ, ಪಿಂಚಣಿಗೆ, ಆಧಾರ್ ಮೂಲಕ ಹಣ ತೆಗೆಯುವುದಕ್ಕೆ ಅಲ್ಲಿಗೇ ಹೋಗಬೇಕಾದ ಜನರಿರುವಾಗ ಈ ಕೊರತೆಯನ್ನು ಸಣ್ಣದೆಂದು ನಾನು ಭಾವಿಸುವುದಿಲ್ಲ.

ಇದನ್ನು ತುಂಬಲು ನಾವು ಬಳಸುವುದು ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯನ್ನು. 2004ರಲ್ಲಿ ಬ್ರಿಟನ್ನಿನಲ್ಲಿ ಸ್ಟೀವ್ ಕೋಸ್ಟ್ ಆರಂಭಿಸಿದ ಈ ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದು, ಮತ್ತು ಅದರ ಮಾಹಿತಿಯನ್ನು ಮೂಲ ಹೆಸರಿಸಿ, ಅದೇ ಷರತ್ತಿನಲ್ಲಿ ಯಾರು ಬೇಕಾದರೂ ಬಳಸಬಹುದು. ಜಾಲತಾಣದಲ್ಲಿ ಇಮೇಲ್ ವಿಳಾಸ ಕೊಟ್ಟು ಖಾತೆ ತೆರೆಯುವುದು ಮೊದಲ ಹೆಜ್ಜೆ. ಅದಕ್ಕೆ ಐದು ನಿಮಿಷ ಸಾಕು.

ಖಾತೆ ತೆರೆದ ಮೇಲೆ, ನಿಮ್ಮ ತಾಲ್ಲೂಕಿನಲ್ಲಿ ಈಗಾಗಲೇ ಏನಿದೆ ಎಂಬುದನ್ನು ನೋಡಿಕೊಳ್ಳಿ. ಓವರ್‌ಪಾಸ್ ಟರ್ಬೊ ಎಂಬ ಜಾಲತಾಣದಲ್ಲಿ ನಕ್ಷೆಯನ್ನು ನಿಮ್ಮ ಪ್ರದೇಶಕ್ಕೆ ಸರಿಸಿ, ಅಲ್ಲಿನ ವಿಝಾರ್ಡ್ ಎಂಬ ಹುಡುಕಾಟದ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ಪೋಸ್ಟ್ ಆಫೀಸ್ ಎಂದು ಕೇಳಿದರೆ, ದಾಖಲಾಗಿರುವ ಎಲ್ಲ ಅಂಚೆ ಕಚೇರಿಗಳೂ ಚುಕ್ಕಿಗಳಾಗಿ ಕಾಣುತ್ತವೆ. ಇನ್ನೊಂದು ಕಡೆ, ಸರ್ಕಾರದ ಮುಕ್ತ ದತ್ತಾಂಶ ತಾಣದಲ್ಲಿ ಅಖಿಲ ಭಾರತ ಪಿನ್‌ಕೋಡ್ ಪಟ್ಟಿ ದೊರೆಯುತ್ತದೆ. ಅದರಲ್ಲಿ ಕಚೇರಿಯ ಹೆಸರು, ದರ್ಜೆ, ಪಿನ್, ಜಿಲ್ಲೆ ಇರುತ್ತವೆ. ಈ ಪಟ್ಟಿಯನ್ನು ಯಾವ ಹಳ್ಳಿಗೆ ಹೋಗಬೇಕೆಂದು ತಿಳಿಯಲು ಇಟ್ಟುಕೊಳ್ಳಿ. ಅದನ್ನು ನೋಡಿಕೊಂಡು ಮನೆಯಲ್ಲೇ ಕುಳಿತು ಚುಕ್ಕಿ ಇಡಬೇಡಿ. ಗೂಗಲ್ ನಕ್ಷೆಯಿಂದ ಸ್ಥಳವನ್ನಾಗಲಿ ಹೆಸರನ್ನಾಗಲಿ ನಕಲು ಮಾಡುವಂತಿಲ್ಲ. ಅದು ಖಾಸಗಿ ಹಕ್ಕಿನ ಮಾಹಿತಿಯಾದ್ದರಿಂದ, ಹಾಗೆ ಸೇರಿಸಿದ್ದೆಲ್ಲವನ್ನೂ ಮುಂದೆ ಅಳಿಸಬೇಕಾಗುತ್ತದೆ.

ಉಪಗ್ರಹ ಚಿತ್ರ ನೋಡಿ ಗುರುತಿಸಬಹುದಲ್ಲವೇ ಎಂದು ಹೊಸಬರು ಕೇಳುತ್ತಾರೆ. ರಸ್ತೆ, ಕೆರೆ, ಶಾಲೆಯ ಮೈದಾನಗಳನ್ನು ಹಾಗೆ ಗುರುತಿಸಬಹುದು. ಆದರೆ ಪರಸಿ ಹಾಸಿದ ನಮ್ಮ ಊರುಗಳ ಮಾಳಿಗೆಗಳು ಮೇಲಿನಿಂದ ಎಲ್ಲವೂ ಒಂದೇ ತೆರನಾಗಿ ಕಾಣುತ್ತವೆ. ಯಾವ ಮಾಳಿಗೆಯ ಕೆಳಗೆ ತಾರೀಖಿನ ಮುದ್ರೆ ಇದೆ ಎಂಬುದನ್ನು ಊರಿಗೆ ಹೋಗಿಯೇ ತಿಳಿಯಬೇಕು.

ಹೋಗುವ ಸಮಯವನ್ನು ಯೋಚಿಸಿ ಆರಿಸಿಕೊಳ್ಳಿ. ಶಾಖಾ ಕಚೇರಿ ದಿನಕ್ಕೆ ನಾಲ್ಕೈದು ಗಂಟೆ ಮಾತ್ರ ತೆರೆದಿರುತ್ತದೆ, ಆ ವೇಳೆ ಊರಿಂದೂರಿಗೆ ಬೇರೆ. ಬೇಸಿಗೆಯ ಬಿಸಿಲೂ ನಮ್ಮಲ್ಲಿ ಮಧ್ಯಾಹ್ನದ ತಿರುಗಾಟಕ್ಕೆ ಬಿಡುವುದಿಲ್ಲವಾದ್ದರಿಂದ ಬೆಳಗಿನ ಹೊತ್ತೇ ಒಳ್ಳೆಯದು. ಹಳ್ಳಿಯಲ್ಲಿ ನೆಟ್‌ವರ್ಕ್ ಸಿಗದಿರಬಹುದು. ಇದೇ ಮುಕ್ತ ನಕ್ಷೆಯನ್ನು ಬಳಸುವ ಎವೆರಿ ಡೋರ್ ಅಥವಾ ಆರ್ಗ್ಯಾನಿಕ್ ಮ್ಯಾಪ್ಸ್ ಆ್ಯಪಿನಲ್ಲಿ ಆ ಭಾಗದ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡು ಹೋದರೆ, ಅಲ್ಲಿ ಗುರುತು ಹಾಕಿ, ಮರಳಿ ಬಂದ ಮೇಲೆ ಕಳುಹಿಸಬಹುದು. ಊರಿನಲ್ಲಿ ‘ಅಂಚೆ ಕಚೇರಿ’ ಎಂದು ಕೇಳುವುದಕ್ಕಿಂತ ‘ಪೋಸ್ಟ್ ಮಾಸ್ತರ್ ಮನಿ’ ಎಂದು ಕೇಳಿದರೆ ಬೇಗ ದಾರಿ ಸಿಗುತ್ತದೆ. ವಯಸ್ಸಾದವರ ಬಳಿ ‘ಟಪಾಲು’ ಎಂದರೂ ಆಯಿತು. ನಮ್ಮ ಭಾಗ ಸೇರಿದ್ದ ನಿಜಾಮರ ಹೈದರಾಬಾದ್ ಸಂಸ್ಥಾನ 1869ರಿಂದ ಸ್ವಂತ ಅಂಚೆಚೀಟಿ ಹೊರಡಿಸುತ್ತಿತ್ತು, ಅದರ ಅಂಚೆ ವ್ಯವಸ್ಥೆ ಭಾರತೀಯ ಅಂಚೆಯಲ್ಲಿ ಸೇರಿದ್ದು 1950ರಲ್ಲಿ. ಆ ಕಾಲದ ಟಪಾಲಿನ ನೆನಪು ಹಿರಿಯರ ಮಾತಿನಲ್ಲಿ ಇನ್ನೂ ಸಿಗುತ್ತದೆ.

ಕಚೇರಿ ಸಿಕ್ಕ ಮೇಲೆ ಮೊದಲು ಮಾಸ್ತರರಿಗೆ ನೀವು ಯಾರು, ಏಕೆ ಬಂದಿರಿ ಎಂಬುದನ್ನು ತಿಳಿಸಿ, ಒಪ್ಪಿಗೆ ಕೇಳಿ. ಅದು ಸರ್ಕಾರಿ ಸೇವೆಯ ಜಾಗವಾಗಿದ್ದರೂ ಒಂದು ಕುಟುಂಬದ ಮನೆಯೂ ಹೌದು. ಆಮೇಲೆ ಫಲಕವನ್ನು ಓದಿ. ನಾನು ಹುಡುಕಿಕೊಂಡು ಹೋದ ಹೊಸ ಮನೆಯಲ್ಲಿ ಕೆಂಪು ಫಲಕ ಬೇವಿನ ಟೊಂಗೆಯ ಹಿಂದೆ ಅರ್ಧ ಮರೆಯಾಗಿತ್ತು. ಅದರ ಬಣ್ಣ ಸುಲಿದು ಪಿನ್‌ನ ಕೊನೆಯ ಅಂಕಿ ಒಂದೋ ಏಳೋ ಎಂದು ತಿಳಿಯದಂತಾಗಿತ್ತು. ಮಾಸ್ತರರು ಒಳಗಿನಿಂದ ರಸೀದಿಯೊಂದನ್ನು ತಂದು ತೋರಿಸಿದಾಗಲೇ ಅದು ಖಚಿತವಾಯಿತು. ಸಂದೇಹ ಬಂದ ಅಂಕಿಯನ್ನು ಊಹಿಸಿ ಬರೆಯುವುದಕ್ಕಿಂತ ಖಾಲಿ ಬಿಡುವುದೇ ಲೇಸು.

ಪಿನ್‌ನ ರಚನೆ ತಿಳಿದಿದ್ದರೆ ತಪ್ಪು ಹಿಡಿಯುವುದು ಸುಲಭ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಆರಂಕಿಯ ಸಂಖ್ಯೆಯಲ್ಲಿ ಮೊದಲ ಅಂಕಿ ವಲಯವನ್ನೂ, ಮೊದಲ ಮೂರು ಅಂಕಿಗಳು ಕೂಡಿ ವಿಂಗಡಣೆಯ ಜಿಲ್ಲೆಯನ್ನೂ, ಕೊನೆಯ ಮೂರು ಬಟವಾಡೆಯ ಕಚೇರಿಯನ್ನೂ ಸೂಚಿಸುತ್ತವೆ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳ ಪಿನ್ 585ರಿಂದ ಆರಂಭವಾಗುತ್ತದೆ: ಕಲಬುರಗಿ ಪ್ರಧಾನ ಕಚೇರಿಯದು 585101, ಬೀದರಿನದು 585401. ಒಂದು ಉಪ ಕಚೇರಿಗೆ ಸೇರಿದ ಹಲವು ಶಾಖಾ ಕಚೇರಿಗಳಿಗೆ ಒಂದೇ ಪಿನ್ ಇರುವುದು ಸಹಜವಾದ್ದರಿಂದ, ಪಿನ್ ಒಂದೇ ಇದೆಯೆಂದು ಎರಡು ಚುಕ್ಕಿಗಳನ್ನು ಒಂದೆಂದು ತಿಳಿದು ಅಳಿಸಬೇಡಿ.

ಹೆಸರಿನ ವಿಷಯದಲ್ಲಿ ನಮ್ಮ ಭಾಗಕ್ಕೆ ವಿಶೇಷ ಎಚ್ಚರ ಬೇಕು. ಮೇಳಕುಂದಾ (ಬಿ), ಮೇಳಕುಂದಾ (ಕೆ) ಎಂಬಂತೆ ಆವರಣದಲ್ಲಿ ಅಕ್ಷರ ಹೊತ್ತ ಊರುಗಳು ಇಲ್ಲಿ ಹಲವಾರಿವೆ. ‘ಬಿ’ ಎಂದರೆ ಬುಜುರ್ಗ್, ಹಿರಿಯದು. ‘ಕೆ’ ಎಂದರೆ ಖುರ್ದ್, ಕಿರಿಯದು. ಹೊರಗಿನವರು ಆ ಅಕ್ಷರವನ್ನು ಬಿಟ್ಟು ಬರೆದರೆ ಒಂದೂರಿನ ಕಾಗದ ಇನ್ನೊಂದೂರಿಗೆ ಹೋಗುತ್ತದೆ. ಸುರಪುರದಂತಹ ಊರನ್ನು ಇಂಗ್ಲಿಷ್ ದಾಖಲೆಗಳು ಶೋರಾಪುರ ಎಂದು ಬರೆಯುತ್ತವೆ. ಗುಲ್ಬರ್ಗಾ ಕಲಬುರಗಿಯಾದದ್ದು 2014ರಲ್ಲಾದರೂ ಹಳೆಯ ಫಲಕಗಳು ಅಲ್ಲಲ್ಲಿ ಉಳಿದಿವೆ. ನಕ್ಷೆಯಲ್ಲಿ ಕನ್ನಡದ ಹೆಸರಿಗೆ, ಇಂಗ್ಲಿಷ್ ಹೆಸರಿಗೆ, ಹಳೆಯ ಹೆಸರಿಗೆ ಬೇರೆ ಬೇರೆ ಸ್ಥಾನಗಳಿವೆ. ಕನ್ನಡದ ಸ್ಥಾನವನ್ನು ಖಾಲಿ ಬಿಡಬೇಡಿ, ಏಕೆಂದರೆ ಊರಿನವರು ಬರೆಯುವಂತೆ ಅದನ್ನು ಬರೆಯಬಲ್ಲವರು ನಾವೇ.

ಇನ್ನು ಗುರುತು ಹಾಕುವ ಕೆಲಸ. ಕಚೇರಿಯ ಬಾಗಿಲ ಬಳಿ, ಬಯಲಿನಲ್ಲಿ ಒಂದು ನಿಮಿಷ ನಿಂತರೆ ಮೊಬೈಲಿನ ಜಿಪಿಎಸ್ ಕೆಲವೇ ಮೀಟರುಗಳ ಅಂತರದಲ್ಲಿ ಸ್ಥಳವನ್ನು ಹಿಡಿಯುತ್ತದೆ. ಅಕ್ಷಾಂಶವನ್ನು ಬರೆದುಕೊಳ್ಳುವುದಾದರೆ ದಶಮಾಂಶದ ಐದು ಸ್ಥಾನಗಳವರೆಗೆ ಬರೆದುಕೊಳ್ಳಿ. ನಾಲ್ಕನೆಯ ಸ್ಥಾನದ ಒಂದು ಅಂಕಿ ಸುಮಾರು 11 ಮೀಟರಿಗೂ, ಐದನೆಯದು ಸುಮಾರು ಒಂದು ಮೀಟರಿಗೂ ಸಮ. ಕಲಬುರಗಿಯ ಆಸುಪಾಸು ಅಕ್ಷಾಂಶ 17ರಿಂದ, ರೇಖಾಂಶ 76 ಅಥವಾ 77ರಿಂದ ಆರಂಭವಾಗುತ್ತದೆ. ಇವೆರಡು ಅದಲುಬದಲಾದರೆ ನಿಮ್ಮ ಹಳ್ಳಿಯ ಅಂಚೆ ಕಚೇರಿ ಉತ್ತರ ಧ್ರುವದ ಕಡೆಗೆಲ್ಲೋ ಹೋಗಿ ಬೀಳುತ್ತದೆ.

ಕಂಪ್ಯೂಟರಿನಲ್ಲಿ ಮಾಡುವುದಾದರೆ, ಓಪನ್‌ಸ್ಟ್ರೀಟ್‌ಮ್ಯಾಪ್ ತಾಣದ ‘ಎಡಿಟ್’ ಗುಂಡಿ ಒತ್ತಿ, ‘ಪಾಯಿಂಟ್’ ಆರಿಸಿ, ಸ್ಥಳದ ಮೇಲೆ ಕ್ಲಿಕ್ಕಿಸಿ, ಪ್ರಕಾರಗಳಲ್ಲಿ ಪೋಸ್ಟ್ ಆಫೀಸ್ ಹುಡುಕಿ. ಹೆಸರು, ಪಿನ್, ನಿರ್ವಾಹಕರ ಸ್ಥಾನದಲ್ಲಿ ಇಂಡಿಯಾ ಪೋಸ್ಟ್, ತೆರೆದಿರುವ ವೇಳೆ ಇವಿಷ್ಟು ಸಾಕು. ವೇಳೆಯನ್ನು ವಾರದ ದಿನಗಳ ಇಂಗ್ಲಿಷ್ ಹೆಸರಿನ ಮೊದಲೆರಡು ಅಕ್ಷರಗಳಲ್ಲಿಯೂ 24 ಗಂಟೆಯ ಲೆಕ್ಕದಲ್ಲಿಯೂ ಬರೆಯಬೇಕು. ಮಾಸ್ತರರ ಹೆಸರನ್ನಾಗಲಿ, ಅವರ ಸ್ವಂತ ಮೊಬೈಲ್ ಸಂಖ್ಯೆಯನ್ನಾಗಲಿ, ಅವರು ಒಪ್ಪಿದರೂ ಹಾಕಬೇಡಿ. ಗೋಡೆಗೆ ತೂಗಿದ ಕೆಂಪು ಅಂಚೆ ಪೆಟ್ಟಿಗೆಗೆ ನಕ್ಷೆಯಲ್ಲಿ ಬೇರೆಯದೇ ಗುರುತಿದೆ, ಅದನ್ನು ಪ್ರತ್ಯೇಕ ಚುಕ್ಕಿಯಾಗಿಯೇ ಹಾಕಿ. ಉಳಿಸುವಾಗ ‘ಸ್ಥಳಕ್ಕೆ ಹೋಗಿ ನೋಡಿದ್ದು’ ಎಂಬ ಟಿಪ್ಪಣಿಯನ್ನು, ಯಾವ ಊರು ಎಂಬುದನ್ನು ಸೇರಿಸಿ ಬರೆಯಿರಿ. ಕೆಲವೇ ನಿಮಿಷಗಳಲ್ಲಿ ಅದು ಎಲ್ಲರ ನಕ್ಷೆಯ ಭಂಡಾರವನ್ನು ಸೇರುತ್ತದೆ.

ಕಚೇರಿ ಬೇರೆ ಮನೆಗೆ ಹೋಗಿದ್ದರೆ ಹಳೆಯ ಚುಕ್ಕಿಯನ್ನು ಅಳಿಸಿ ಹೊಸದನ್ನು ಇಡಬೇಡಿ. ಅದೇ ಚುಕ್ಕಿಯನ್ನು ಎಳೆದು ಹೊಸ ಜಾಗಕ್ಕೆ ತನ್ನಿ, ವೇಳೆಯನ್ನು ತಿದ್ದಿ, ನೋಡಿದ ದಿನಾಂಕವನ್ನು ಸೇರಿಸಿ. ಹಾಗೆ ಮಾಡಿದರೆ ಆ ಕಚೇರಿಯ ಹಿಂದಿನ ಚರಿತ್ರೆ ಅಳಿಯದೆ ಅದರೊಂದಿಗೇ ಉಳಿಯುತ್ತದೆ. ಅಂದು ಸಂಜೆ ನಾನು ಎರಡು ಮೊಳೆಗಳ ಮನೆಯಿಂದ ಬೇವಿನ ಮರದ ಮನೆಗೆ ಆ ಚುಕ್ಕಿಯನ್ನು ಹೀಗೆಯೇ ಸರಿಸಿದೆ. ನಡುವಿನ ದೂರ ಎರಡು ಓಣಿ.