ಆಕ್ಸಿಡೆಂಟ್ ಪರಿಹಾರದ ಕೇಸ್: ಮೊದಲ ದಿನವೇ ಕೆಡದಂತೆ ನೋಡಿಕೊಳ್ಳಿ

ಗಾಯಾಳುವನ್ನು ಸ್ಟ್ರೆಚರ್ ಮೇಲೆ ಮಲಗಿಸಿದ ಕೂಡಲೇ ಡಾಕ್ಟರ್ ಕೇಳುತ್ತಾರೆ: ‘ಹೆಂಗಾತು?’ ಜೊತೆಗೆ ಬಂದವರಿಗೆ ಗಾಬರಿ. ಪೊಲೀಸ್ ಕೇಸ್ ಅಂದರೆ ಚಿಕಿತ್ಸೆ ತಡ ಆಗುತ್ತದೆ ಎಂಬ ಭಯ ಬೇರೆ. ‘ಬೈಕ್ ಸ್ಕಿಡ್ ಆಗಿ ಬಿದ್ದಾನ್ರಿ’ ಎಂದುಬಿಡುತ್ತಾರೆ. ಆ ಮಾತು ಹಾಗೇ ದಾಖಲಾಗುತ್ತದೆ. ಎರಡು ವರ್ಷದ ನಂತರ ಇನ್ಶೂರೆನ್ಸ್ ಕಂಪನಿಯ ವಕೀಲರು ಅದೇ ಸಾಲಿನ ಮೇಲೆ ಬೆರಳಿಟ್ಟು, ‘ಬೇರೆ ವಾಹನ ಗುದ್ದೇ ಇಲ್ಲ’ ಎಂದು ತೋರಿಸುತ್ತಾರೆ.

ಕೊಪ್ಪಳದಲ್ಲಿ ವಕೀಲರೊಬ್ಬರ ಕಚೇರಿಯಲ್ಲಿ ಕೇಸಿನ ಕಾಗದ ಜೋಡಿಸುವ ಕೆಲಸ ನನ್ನದು. ಗಿಣಿಗೇರಾ ಹತ್ತಿರ ಲಾರಿ ಹಿಂದಿನಿಂದ ಗುದ್ದಿ ಕಾಲು ಮುರಿದುಕೊಂಡ ಒಬ್ಬ ಹಮಾಲಿಯ ಕೇಸ್ ಹೀಗೆಯೇ ಬಿದ್ದು ಹೋಯಿತು. ಲಾರಿ ಗುದ್ದಿದ್ದು ನಿಜ. ಆಸ್ಪತ್ರೆಯಲ್ಲಿ ಆತನ ಭಾವಮೈದುನ ಹೇಳಿದ್ದು ಮಾತ್ರ ಬೇರೆ. ಅದಕ್ಕೇ ಈ ಲೇಖನದಲ್ಲಿ ಮೊದಲ ದಿನಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮೊದಲ ದಿನ: ಆಸ್ಪತ್ರೆಯಲ್ಲಿ

ಅಪಘಾತದ ಗಾಯಾಳು ಬಂದರೆ ಆಸ್ಪತ್ರೆಯಲ್ಲಿ ಎಂಎಲ್‌ಸಿ, ಅಂದರೆ ಪೊಲೀಸ್ ಕೇಸಿಗೆ ಸಂಬಂಧಿಸಿದ ಗಾಯದ ದಾಖಲೆ, ಬರೆಯುತ್ತಾರೆ. ಅದರಲ್ಲಿ ಗಾಯದ ವಿವರ ಅಷ್ಟೇ ಅಲ್ಲ, ಅಪಘಾತ ಎಲ್ಲಿ, ಎಷ್ಟು ಗಂಟೆಗೆ, ಯಾವುದರಿಂದ ಆಯಿತು ಎಂಬುದೂ ಇರುತ್ತದೆ. ನಡೆದದ್ದನ್ನು ನಡೆದಂತೆ ಹೇಳಿ. ವಾಹನದ ನಂಬರ್ ಗೊತ್ತಿದ್ದರೆ ಹೇಳಿ, ಗೊತ್ತಿಲ್ಲದಿದ್ದರೆ ‘ಲಾರಿ ಗುದ್ದಿತು, ನಂಬರ್ ನೋಡಲಿಲ್ಲ’ ಅನ್ನಿ. ಊಹೆ ಮಾಡಿ ಹೇಳಬೇಡಿ.

ನಮ್ಮ ಕಡೆ ಗಾಯಾಳು ಒಂದೇ ಆಸ್ಪತ್ರೆಯಲ್ಲಿ ಉಳಿಯುವುದು ಕಡಿಮೆ. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಪಟ್ಟಿ ಕಟ್ಟುತ್ತಾರೆ, ಅಲ್ಲಿಂದ ಕೊಪ್ಪಳದ ಜಿಲ್ಲಾ ಆಸ್ಪತ್ರೆ, ಆಮೇಲೆ ಬಳ್ಳಾರಿ ಇಲ್ಲವೇ ಹುಬ್ಬಳ್ಳಿ. ಪ್ರತಿ ಕಡೆ ‘ಹೆಂಗಾತು?’ ಎಂದು ಹೊಸದಾಗಿ ಕೇಳಿ, ಹೊಸದಾಗಿ ಬರೆಯುತ್ತಾರೆ. ಒಂದು ಕಡೆ ‘ಲಾರಿ’, ಇನ್ನೊಂದು ಕಡೆ ‘ಟ್ರ್ಯಾಕ್ಟರ್’, ಮತ್ತೊಂದು ಕಡೆ ‘ಬಿದ್ದದ್ದು’ ಎಂದಾದರೆ ಮುಗಿಯಿತು. ಹಾಗಾಗಿ ಮನೆಯವರಲ್ಲಿ ಒಬ್ಬರೇ ಮಾತಾಡಿ, ಅಪಘಾತವನ್ನು ಕಣ್ಣಾರೆ ಕಂಡವರಿದ್ದರೆ ಅವರೇ. ಡಾಕ್ಟರ್ ಏನು ಬರೆದುಕೊಂಡರು ಎಂದು ವಿನಯದಿಂದ ಕೇಳಿ ತಿಳಿದುಕೊಳ್ಳಿ. ಕೇಳುವುದರಲ್ಲಿ ತಪ್ಪೇನೂ ಇಲ್ಲ.

ತಪ್ಪು ಈಗಾಗಲೇ ದಾಖಲಾಗಿದ್ದರೆ? ಯಾರಿಗೋ ದುಡ್ಡು ಕೊಟ್ಟು ತಿದ್ದಿಸಲು ಹೋಗಬೇಡಿ. ತಿದ್ದಿದ ಅಕ್ಷರ ಕೋರ್ಟ್‌ನಲ್ಲಿ ಇನ್ನಷ್ಟು ಅನುಮಾನ ತರುತ್ತದೆ. ಆ ಮಾತು ಹೇಳಿದ್ದು ಯಾರು, ಯಾಕೆ ಹಾಗೆ ಹೇಳಿದರು ಎಂಬುದನ್ನು ಪೊಲೀಸ್ ಹೇಳಿಕೆಯಲ್ಲಿ ಬೇಗ, ಸ್ಪಷ್ಟವಾಗಿ ಬರೆಸಿ.

ಖರ್ಚಿನ ಭಯಕ್ಕೂ ಸುಳ್ಳು ಹೇಳುವ ಅಗತ್ಯ ಈಗಿಲ್ಲ. ಕೇಂದ್ರ ಸರ್ಕಾರ 2025ರ ಮೇನಲ್ಲಿ ತಂದ ಯೋಜನೆಯಂತೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ 7 ದಿನದವರೆಗೆ, 1.5 ಲಕ್ಷ ರೂಪಾಯಿ ಮಿತಿಯಲ್ಲಿ ನಗದಿಲ್ಲದೆ ಚಿಕಿತ್ಸೆ ಸಿಗುತ್ತದೆ.

ಪೊಲೀಸ್ ಠಾಣೆ

ಅದೇ ದಿನ, ಆಗದಿದ್ದರೆ ಮರುದಿನ ದೂರು ಕೊಡಿ. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ. ತಡವಾದ ಮಾತ್ರಕ್ಕೆ ಪರಿಹಾರ ನಿರಾಕರಿಸಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ತಡಕ್ಕೆ ಕಾರಣ ಕೇಳಿಯೇ ಕೇಳುತ್ತಾರೆ. ‘ಐಸಿಯು ಮುಂದೆ ಕೂತಿದ್ದೆವು’ ಎಂಬುದು ಕಾರಣ. ‘ಲಾರಿ ಮಾಲೀಕರು ರಾಜಿ ಮಾಡ್ಕೊಳ್ಳೋಣ ಅಂದರು’ ಎಂಬುದು ನಿಲ್ಲುವ ಕಾರಣವಲ್ಲ. ಸ್ಥಳದಲ್ಲೇ ಇಪ್ಪತ್ತು ಸಾವಿರ ಕೈಗಿಟ್ಟು ಖಾಲಿ ಬಾಂಡ್ ಪೇಪರ್ ಮೇಲೆ ಸಹಿ ಕೇಳುವವರಿಗೆ ಸಹಿ ಹಾಕಲೇಬೇಡಿ.

ಗುದ್ದಿದ ವಾಹನ ಸಿಗಲೇ ಇಲ್ಲ ಎಂದರೆ ದಾರಿ ಬೇರೆ. ಹಿಟ್ ಅಂಡ್ ರನ್ ಯೋಜನೆಯಲ್ಲಿ ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ ರೂಪಾಯಿ ಇದೆ. ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಜಾಸ್ತಿ ಹಣದ ಆಸೆಗೆ ಪರಿಚಯದವರ ವಾಹನವನ್ನು ತಂದು ನಿಲ್ಲಿಸುವವರಿದ್ದಾರೆ. ಅದು ಅಪರಾಧ. ಸಿಕ್ಕಿಬಿದ್ದರೆ ಗಾಯಾಳುವೇ ಆರೋಪಿಯಾಗುತ್ತಾನೆ.

ಕಾಗದ ಪತ್ರ

ಎಫ್‌ಐಆರ್, ಸ್ಥಳ ಪಂಚನಾಮೆ, ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ಗಾಯದ ಸರ್ಟಿಫಿಕೇಟ್, ಚಾರ್ಜ್‌ಶೀಟ್, ಗುದ್ದಿದ ವಾಹನದ ಆರ್‌ಸಿ ಮತ್ತು ಇನ್ಶೂರೆನ್ಸ್, ಚಾಲಕನ ಲೈಸೆನ್ಸ್. ಇವು ಪೊಲೀಸರ ಮೂಲಕ ಸಿಗುತ್ತವೆ.

ನೀವೇ ಕಾಪಾಡಬೇಕಾದದ್ದು ಬಿಲ್ಲು. ಮೆಡಿಕಲ್ ಶಾಪ್‌ನ ನುಣುಪು ಕಾಗದದ ಬಿಲ್ಲಿನ ಅಕ್ಷರ ನಮ್ಮ ರಾಯಚೂರು, ಬಳ್ಳಾರಿ ಬಿಸಿಲಿಗೆ ಕೆಲವೇ ತಿಂಗಳಲ್ಲಿ ಮಾಸುತ್ತದೆ. ತಂದ ದಿನವೇ ಜೆರಾಕ್ಸ್ ಮಾಡಿಸಿ, ಮೂಲ ಬಿಲ್ಲಿನ ಹಿಂದೆ ಪಿನ್ ಮಾಡಿ ಇಡಿ. ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಬಿಸಿ ತಾಗಿದರೆ ಆ ಕಾಗದ ಪೂರ್ತಿ ಕಪ್ಪಾಗುತ್ತದೆ. ಒಬ್ಬ ತಾಯಿ ಮಗನ ಬಿಲ್ಲುಗಳನ್ನು ಜೋಪಾನ ಮಾಡಲೆಂದೇ ಲ್ಯಾಮಿನೇಷನ್ ಮಾಡಿಸಿ ತಂದಿದ್ದರು. ಹನ್ನೊಂದು ಕಪ್ಪು ಹಾಳೆಗಳು. ಅವುಗಳಲ್ಲಿ ಒಂದು ಅಂಕಿಯೂ ಕಾಣುತ್ತಿರಲಿಲ್ಲ.

ಅರ್ಜಿ

ಮೋಟಾರು ವಾಹನ ಕಾಯ್ದೆಯ 166ನೇ ಕಲಂ ಪ್ರಕಾರ ಅರ್ಜಿ ಹಾಕಬೇಕು. ಅಪಘಾತ ಆದ ಊರು, ನೀವು ವಾಸ ಇರುವ ಊರು, ಎದುರುದಾರರ ಊರು, ಇವುಗಳಲ್ಲಿ ಎಲ್ಲಿನ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗಾದರೂ ಸರಿ. ನಿಮ್ಮ ಊರಿನದೇ ಆರಿಸಿಕೊಳ್ಳಿ. ಊರುಗೋಲು ಹಿಡಿದು ಪರವೂರಿಗೆ ಓಡಾಡುವುದು ಬೇಡ.

2022ರ ಏಪ್ರಿಲ್ 1ರಿಂದ ಜಾರಿಯಾದ ತಿದ್ದುಪಡಿಯಂತೆ ಅಪಘಾತದ ದಿನದಿಂದ 6 ತಿಂಗಳೊಳಗೆ ಅರ್ಜಿ ಹಾಕಬೇಕು. ಈ ಗಡುವನ್ನು ಪ್ರಶ್ನಿಸಿ ಕೆಲವರು ಸುಪ್ರೀಂ ಕೋರ್ಟ್‌ಗೆ ಹೋಗಿದ್ದಾರೆ. ಅದನ್ನು ನಂಬಿಕೊಂಡು ಕೂರಬೇಡಿ.

ಆಸ್ಪತ್ರೆ ವಾರ್ಡಿಗೇ ಬಂದು ‘ಬಂದದ್ದರಲ್ಲಿ ಇಷ್ಟು ಪರ್ಸೆಂಟ್ ಕೊಡಿ’ ಎನ್ನುವ ಏಜೆಂಟರನ್ನು ಹತ್ತಿರ ಸೇರಿಸಬೇಡಿ. ಪರಿಹಾರದಲ್ಲಿ ಪಾಲು ಕೇಳುವುದು ವಕೀಲರ ನಿಯಮಕ್ಕೇ ವಿರುದ್ಧ. ಹಣದ ತೊಂದರೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿ ಇಲ್ಲ. ಸಹಾಯವಾಣಿ 15100.

ಊನದ ಲೆಕ್ಕ

ಎರಡನೇ ಎಡವಟ್ಟು ಆಗುವುದು ಇಲ್ಲಿ. ‘ಕಾಲಿಗೆ 45 ಪರ್ಸೆಂಟ್ ಊನ’ ಎಂದು ಡಾಕ್ಟರ್ ಬರೆದರೆ, ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ, ಅಂದರೆ 15 ಎಂದು ಹಿಡಿಯುವುದು ರೂಢಿ. ಆದರೆ ನೋಡಬೇಕಾದದ್ದು ದುಡಿಮೆ ಎಷ್ಟು ಕುಂದಿತು ಎಂಬುದನ್ನು. ರಾಜ್‌ಕುಮಾರ್ ಮತ್ತು ಅಜಯ್‌ಕುಮಾರ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಇದನ್ನು ಬಿಡಿಸಿ ಹೇಳಿದೆ. ಅದೇ ಮುರಿದ ಕಾಲು ಕುರ್ಚಿ ಮೇಲೆ ಕೂತು ಬರೆಯುವವರಿಗೆ ಒಂದು ಥರ, ಗಂಗಾವತಿಯ ರೈಸ್ ಮಿಲ್‌ನಲ್ಲಿ ಮೂಟೆ ಹೊರುವವರಿಗೆ ಇನ್ನೊಂದು ಥರ ಅಲ್ವಾ?

ಲೆಕ್ಕ ನೋಡಿ. ವಯಸ್ಸು 43, ತಿಂಗಳ ದುಡಿಮೆ 12,000 ಎಂದುಕೊಳ್ಳಿ. ವರ್ಷಕ್ಕೆ 1,44,000. ಆ ವಯಸ್ಸಿಗೆ ಗುಣಕ, ಅಂದರೆ ವರ್ಷದ ದುಡಿಮೆಯನ್ನು ಗುಣಿಸುವ ಅಂಕಿ, 14. ಒಟ್ಟು 20,16,000. ಊನ 15 ಪರ್ಸೆಂಟ್ ಎಂದರೆ 3,02,400. ದುಡಿಮೆಯ ನಷ್ಟ 40 ಪರ್ಸೆಂಟ್ ಎಂದು ರುಜುವಾತಾದರೆ 8,06,400. ಈ ವ್ಯತ್ಯಾಸ ತರುವುದು ಸಾಕ್ಷಿ. ಎಪಿಎಂಸಿ ಹಮಾಲಿ ಲೈಸೆನ್ಸ್, ಕೂಲಿ ಬರೆದ ಮಿಲ್‌ನ ಪುಸ್ತಕ, ಬ್ಯಾಂಕ್ ಪಾಸ್‌ಬುಕ್, ಜೊತೆಗೆ ‘ಈಗ ಮೂಟೆ ಎತ್ತಲು ಆಗುತ್ತಿಲ್ಲ’ ಎಂದು ಬಂದು ಹೇಳುವ ಮೇಸ್ತ್ರಿ. ಸಾಧ್ಯವಾದರೆ ಚಿಕಿತ್ಸೆ ಕೊಟ್ಟ ಡಾಕ್ಟರನ್ನೇ ಸಾಕ್ಷಿಗೆ ಕರೆಸಿ. ಗಾಯಾಳುವನ್ನು ಒಮ್ಮೆ ಮಾತ್ರ ನೋಡಿ ಸರ್ಟಿಫಿಕೇಟ್ ಬರೆದವರ ಮಾತಿಗೆ ಅಷ್ಟು ತೂಕ ಇರುವುದಿಲ್ಲ.

ಇದರ ಮೇಲೆ ನೋವು, ಆಸ್ಪತ್ರೆ ಖರ್ಚು, ಆರೈಕೆ ಮಾಡಿದವರ ಖರ್ಚು, ಓಡಾಟ, ಮಲಗಿದ್ದ ದಿನಗಳ ಕೂಲಿ, ಮುಂದೆ ರಾಡ್ ತೆಗೆಸುವ ಆಪರೇಷನ್ ಎಲ್ಲವನ್ನೂ ಕೇಳಿ. ರಾಡ್ ತೆಗೆಸುವುದನ್ನು ಬಹಳ ಜನ ಮರೆಯುತ್ತಾರೆ.

ರಾಜಿ, ತೀರ್ಪು

ಲೋಕ ಅದಾಲತ್‌ನಲ್ಲಿ ಬೇಗ ಮುಗಿಯುತ್ತದೆ. ಆದರೆ ಅಲ್ಲಿ ಒಪ್ಪಿಕೊಂಡ ಮೇಲೆ ಮೇಲ್ಮನವಿ ಇಲ್ಲ. ಮೇಲಿನ ಲೆಕ್ಕವನ್ನು ಮನೆಯಲ್ಲೇ ಒಂದು ಹಾಳೆಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡು ಹೋಗಿ. ಅದಕ್ಕಿಂತ ತೀರಾ ಕಡಿಮೆ ಹೇಳಿದರೆ ಒಪ್ಪದೆ ಎದ್ದು ಬನ್ನಿ, ಕೇಸ್ ಮುಂದುವರಿಯುತ್ತದೆ. ನ್ಯಾಯಮಂಡಳಿ ಕೊಟ್ಟ ಮೊತ್ತ ಕಡಿಮೆ ಅನಿಸಿದರೆ 90 ದಿನದೊಳಗೆ ಹೈಕೋರ್ಟ್‌ಗೆ ಹೋಗಬಹುದು. ಕೊಪ್ಪಳ, ಬಳ್ಳಾರಿಯವರಿಗೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ ಪೀಠ.