ಒರೆಸುವ ಬಟ್ಟೆಯೇ ಹರಡುತ್ತಿತ್ತು: ಜಿಮ್ಮಿನಲ್ಲಿ ಹುಳುಕಡ್ಡಿ ಕಂಡ ಮೇಲೆ ನಾನು ಮಾಡಿದ್ದು

ದಾವಣಗೆರೆಯಲ್ಲಿ ನಾನು ನಡೆಸುವ ಜಿಮ್ ಮೊದಲ ಮಹಡಿಯಲ್ಲಿದೆ. ಒಂದು ಉದ್ದನೆಯ ಹಾಲ್, ಮೂಲೆಯಲ್ಲೊಂದು ಸ್ನಾನದ ಕೋಣೆ, ರಸ್ತೆಯ ಕಡೆಗೆ ಮೂರು ಕಿಟಕಿ, ಇಷ್ಟೇ. ಬೆಳಗಿನ ಬ್ಯಾಚಿನಲ್ಲಿ ಒಬ್ಬರ ಬೆನ್ನಿನ ಬೆವರು ಆರುವ ಮೊದಲೇ ಅದೇ ಬೆಂಚಿನ ಮೇಲೆ ಇನ್ನೊಬ್ಬರು ಮಲಗಿರುತ್ತಾರೆ. ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲದಲ್ಲಿ, ಮೂರು ವಾರಗಳ ಒಳಗೆ, ಇಲ್ಲಿಗೆ ಬರುತ್ತಿದ್ದವರಲ್ಲಿ ಹನ್ನೊಂದು ಮಂದಿಗೆ ಹುಳುಕಡ್ಡಿ ಕಾಣಿಸಿಕೊಂಡಿತು. ಹನ್ನೆರಡನೆಯವನು ನಾನು. ಲೆಕ್ಕದಲ್ಲಿ ನನ್ನನ್ನು ಕೊನೆಗೆ ಇಟ್ಟಿರುವುದು ಪ್ರಾಮಾಣಿಕತೆಯಲ್ಲ. ನನಗೆ ಮೊದಲೇ ಬಂದಿತ್ತೇನೋ, ನಾನು ಅದನ್ನು ಮುಚ್ಚಿಟ್ಟುಕೊಂಡಿದ್ದೆ.

ಸೊಂಟಕ್ಕೆ ಬೆಲ್ಟ್ ಬಿಗಿಯುವ ಜಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಕೆಂಪು ಉಂಗುರ ಎದ್ದಿತ್ತು. ಅಂಚು ಸಣ್ಣಗೆ ಉಬ್ಬಿ ಹೊಟ್ಟು ಏಳುತ್ತಿತ್ತು, ನಡುವಿನ ಚರ್ಮ ಮಾತ್ರ ತಿಳಿಯಾಗಿತ್ತು. ಮೆಡಿಕಲ್ ಶಾಪಿನವರು ಏನೂ ಕೇಳದೆ ಒಂದು ಟ್ಯೂಬ್ ಕೊಟ್ಟರು, ನಾನೂ ಏನೂ ಕೇಳದೆ ತಂದು ಹಚ್ಚಿದೆ. ಎರಡೇ ದಿನದಲ್ಲಿ ತುರಿಕೆ ನಿಂತಿತು. ಹತ್ತು ದಿನ ಕಳೆಯುವಷ್ಟರಲ್ಲಿ ಉಂಗುರ ಅಂಗೈ ಅಗಲವಾಗಿ, ಅಂಚು ಅಳಿಸಿಹೋಗಿ, ಅದು ಏನೆಂದೇ ಗುರುತು ಸಿಗದ ಹಾಗೆ ಆಯಿತು. ಆಗ ಚರ್ಮರೋಗ ತಜ್ಞರ ಬಳಿಗೆ ಹೋದೆ. ಅವರು ಉಂಗುರಕ್ಕಿಂತ ಮೊದಲು ಟ್ಯೂಬನ್ನು ನೋಡಿ, "ಇದರಲ್ಲಿ ಸ್ಟಿರಾಯ್ಡ್ ಇದೆ, ಮೊದಲು ಇದನ್ನು ಬಿಡಿ" ಎಂದರು.

ಅವರಿಂದ ಅಂದು ತಿಳಿದುಕೊಂಡದ್ದು ನನ್ನ ಮುಂದಿನ ಕೆಲಸಕ್ಕೆಲ್ಲ ಆಧಾರವಾಯಿತು. ಹೆಸರಿನಲ್ಲಿ ಹುಳುವಿದ್ದರೂ ಇದು ಹುಳುವಿನಿಂದ ಬರುವುದಲ್ಲ, ಚರ್ಮದ ಮೇಲ್ಪದರದಲ್ಲಿರುವ ಕೆರಾಟಿನ್ ಎಂಬ ಪ್ರೋಟೀನ್ ತಿಂದು ಬೆಳೆಯುವ ಶಿಲೀಂಧ್ರದಿಂದ ಬರುತ್ತದೆ. ಸೋಂಕಿದ ಚರ್ಮದಿಂದ ಉದುರುವ ಹೊಟ್ಟಿನಲ್ಲಿ ಅದರ ಬೀಜಕಗಳಿರುತ್ತವೆ, ಅವು ಮ್ಯಾಟ್, ಟವೆಲ್, ಬೆಂಚುಗಳ ಮೇಲೆ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರಬಲ್ಲವು. ತಗುಲಿದ ಮೇಲೆ ಉಂಗುರ ಕಾಣಿಸುವುದಕ್ಕೆ ಸಾಮಾನ್ಯವಾಗಿ 4ರಿಂದ 14 ದಿನ ಬೇಕಾಗುವುದರಿಂದ, ಯಾರಿಂದ ಬಂತೆಂದು ಬೆರಳು ತೋರಿಸುವ ಹೊತ್ತಿಗೆ ಇನ್ನಷ್ಟು ಜನರಿಗೆ ಅಂಟಿರುತ್ತದೆ. ಸ್ಟಿರಾಯ್ಡ್ ಬೆರೆತ ಮುಲಾಮು ಕೆಂಪನ್ನೂ ತುರಿಕೆಯನ್ನೂ ಅಡಗಿಸಿ, ಶಿಲೀಂಧ್ರ ನಿಶ್ಶಬ್ದವಾಗಿ ಹಬ್ಬುವುದಕ್ಕೆ ದಾರಿ ಬಿಡುತ್ತದೆ. ಇದರ ಮೇಲೆ, 2020ರಲ್ಲಿ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂಬ ಹೆಸರು ಪಡೆದ ಶಿಲೀಂಧ್ರ ಪ್ರಭೇದವೊಂದು ನಮ್ಮ ದೇಶದಲ್ಲಿ ವ್ಯಾಪಕವಾಗಿದ್ದು, ಅದರ ಹಲವು ತಳಿಗಳು ಟೆರ್ಬಿನಾಫಿನ್ ಎಂಬ ಶಿಲೀಂಧ್ರನಾಶಕ ಔಷಧಕ್ಕೂ ಜಗ್ಗುವುದಿಲ್ಲ. ಕಲೆ ಮಾಯವಾಯಿತೆಂದು ಔಷಧ ನಿಲ್ಲಿಸಬಾರದು, ಹೇಳಿದಷ್ಟು ವಾರ ಮುಗಿಸಲೇಬೇಕು ಎಂದು ಅವರು ಎರಡು ಸಲ ಹೇಳಿದರು.

ಮರಳಿ ಬಂದು ಹಾಜರಿ ಪುಸ್ತಕ ಹರಡಿಕೊಂಡು ಕುಳಿತೆ. ಹನ್ನೊಂದು ಮಂದಿಯಲ್ಲಿ ಯಾರು ಯಾವ ಹೊತ್ತಿಗೆ ಬರುತ್ತಾರೆ, ಯಾವ ಉಪಕರಣ ಹೆಚ್ಚು ಬಳಸುತ್ತಾರೆ ಎಂದು ಬರೆದುಕೊಂಡೆ. ಯಾವುದೋ ಒಂದು ಬೆಂಚು ಕೆಟ್ಟಿರಬೇಕು, ಅದನ್ನು ಹೊರಗೆ ಹಾಕಿದರೆ ಮುಗಿಯಿತು ಎಂಬುದು ನನ್ನ ಎಣಿಕೆಯಾಗಿತ್ತು. ಆದರೆ ಕೆಲವರು ಬೆಂಚಿನ ಹತ್ತಿರವೂ ಸುಳಿಯದೆ ಮ್ಯಾಟಿನ ಮೇಲೆ ಹೊಟ್ಟೆಯ ವ್ಯಾಯಾಮ ಮಾಡುವವರು, ಇನ್ನು ಕೆಲವರು ಮ್ಯಾಟನ್ನೇ ಮುಟ್ಟದವರು. ಅವರೆಲ್ಲರ ನಡುವೆ ಓಡಾಡುತ್ತಿದ್ದ ವಸ್ತು ಯಾವುದೆಂದು ಎರಡು ದಿನ ಹೊಳೆಯಲಿಲ್ಲ. ಮೂರನೆಯ ದಿನ ಸ್ವಚ್ಛತೆಯ ಕೆಲಸಕ್ಕೆ ಬರುವ ಅಕ್ಕ ಒರೆಸುವುದನ್ನು ಸುಮ್ಮನೆ ನಿಂತು ನೋಡಿದೆ. ಹಳೆಯ ಬನಿಯನ್ನಿನ ಒಂದು ತುಂಡು. ಅದರಲ್ಲೇ ಮೊದಲು ಮ್ಯಾಟ್, ಆಮೇಲೆ ಬೆಂಚು, ಆಮೇಲೆ ಸೈಕಲ್ಲಿನ ಸೀಟು. ಮುಗಿದ ಮೇಲೆ ಅದನ್ನು ಹಿಂಡಿ, ಕಿಟಕಿಯಿಲ್ಲದ ಸ್ನಾನದ ಕೋಣೆಯ ನಲ್ಲಿಯ ಮೇಲೆ ಹಾಕಿದರು. ಮುಟ್ಟಿ ನೋಡಿದೆ. ನಿನ್ನೆಯ ಒದ್ದೆಯೇ ಇನ್ನೂ ಆರಿರಲಿಲ್ಲ, ಬೆರಳಿಗೆ ಲೋಳೆ ಹತ್ತಿತು. "ಅಣ್ಣಾ, ನೀವು ಕೊಟ್ಟಿದ್ದು ಒಂದೇ ಬಟ್ಟೆ, ನಾನಿನ್ನೇನ್ ಮಾಡ್ಲಿ?" ಎಂದು ಅವರು ಕೇಳಿದ್ದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಅದುವರೆಗೆ ನಿಂಬೆ ವಾಸನೆಯ ದುಬಾರಿ ದ್ರಾವಣಕ್ಕೆ ದುಡ್ಡು ಸುರಿದಿದ್ದೆ, ಬಟ್ಟೆಯ ಕಡೆ ತಿರುಗಿಯೂ ನೋಡಿರಲಿಲ್ಲ. ಆ ಬಟ್ಟೆಯೊಂದೇ ಕಾರಣವೆಂದು ಪ್ರಯೋಗಾಲಯದ ಸಾಕ್ಷಿ ನನ್ನಲ್ಲಿಲ್ಲ, ಆದರೂ ಮೊದಲು ಬದಲಾಗಬೇಕಾದದ್ದು ಅದೇ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ.

ಮೂವತ್ತು ಬಟ್ಟೆ ಹೊಲಿಸಿದೆ. ಒರೆಸುವುದಕ್ಕೆ ನೀಲಿ, ಸ್ನಾನದ ಕೋಣೆಗೆ ಕೆಂಪು. ಒಂದು ಸುತ್ತಿಗೆ ಬಳಸಿದ್ದು ನೇರ ಬಕೆಟ್ಟಿಗೆ, ಅಲ್ಲಿಂದ ಬಿಸಿನೀರು ಮತ್ತು ಸಾಬೂನಿಗೆ, ಆಮೇಲೆ ತಾರಸಿಯ ಬಿಸಿಲಿಗೆ. ಮಳೆ ಹಿಡಿದ ದಿನಗಳಲ್ಲಿ ಫ್ಯಾನಿನ ಕೆಳಗೆ ಹರಡುತ್ತೇವೆ, ಪೂರ್ತಿ ಒಣಗದ ಬಟ್ಟೆ ಮಾತ್ರ ಹಾಲಿಗೆ ಬರುವುದಿಲ್ಲ.

ದ್ರಾವಣದ ವಿಷಯದಲ್ಲಿ ನಾನು ಮಾಡಿದ ತಪ್ಪುಗಳು ಒಂದೆರಡಲ್ಲ. ಸಿಂಪಡಿಸಿದ ಕೂಡಲೇ ಒರೆಸುವುದು ನಮ್ಮ ರೂಢಿಯಾಗಿತ್ತು. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಮೇಲ್ಮೈ ಹತ್ತು ನಿಮಿಷ ಒದ್ದೆಯಾಗಿರಬೇಕು ಎಂದು ಬರೆದಿದ್ದನ್ನು ಓದಿದ್ದು ತೀರ ತಡವಾಗಿ. ಬೆವರು, ಎಣ್ಣೆ, ಧೂಳಿನ ಪದರದ ಮೇಲೆ ಸೋಂಕುನಾಶಕ ಸುರಿದರೆ ಅದರ ಬಲ ಆ ಕೊಳೆಯಲ್ಲಿಯೇ ಕಳೆದುಹೋಗುತ್ತದೆ, ಹಾಗಾಗಿ ಈಗ ಮೊದಲು ಸಾಬೂನು ನೀರು, ಆಮೇಲೆ ಸೋಂಕುನಾಶಕ. ಸ್ಪಿರಿಟ್ ಬಳಸಿ ನೋಡಿದಾಗ ಎರಡೇ ತಿಂಗಳಲ್ಲಿ ಬೆಂಚುಗಳ ರೆಕ್ಸಿನ್ ಬಿರುಕುಬಿಟ್ಟಿತು. ಬಿರುಕಿನೊಳಗಿನ ಸ್ಪಂಜು ಬೆವರು ಕುಡಿಯತೊಡಗಿದರೆ ಯಾವ ದ್ರಾವಣವೂ ಅಲ್ಲಿಗೆ ಮುಟ್ಟುವುದಿಲ್ಲ. ಅಂಥ ಮೂರು ಬೆಂಚುಗಳಿಗೆ ಬೈಕ್ ಸೀಟ್ ಹೊಲಿಯುವವರಿಂದ ಹೊಸ ರೆಕ್ಸಿನ್ ಹಾಕಿಸಿದೆ. ಶೇ. 5ರ ಸೋಡಿಯಂ ಹೈಪೋಕ್ಲೋರೈಟ್ (ದ್ರವ ಬ್ಲೀಚ್) ದ್ರಾವಣವನ್ನು ಲೀಟರ್ ನೀರಿಗೆ 20 ಮಿ.ಲೀ.ಯಂತೆ ಬೆರೆಸಿದರೆ ಸುಮಾರು ಶೇ. 0.1ರಷ್ಟಾಗುತ್ತದೆ, ಅದನ್ನು ಸ್ನಾನದ ಕೋಣೆಯ ನೆಲಕ್ಕೆ ಮಾತ್ರ ಬಳಸುತ್ತೇವೆ, ಆಯಾ ದಿನವೇ ಬೆರೆಸುತ್ತೇವೆ, ಏಕೆಂದರೆ ಇಟ್ಟಷ್ಟೂ ಅದರ ಶಕ್ತಿ ಇಳಿಯುತ್ತದೆ. ಕಬ್ಬಿಣಕ್ಕೆ ಹಾಕಿದರೆ ತುಕ್ಕು. ಹಿಡಿತಕ್ಕೆಂದು ತೂಕ ಎತ್ತುವ ಬಾರಿನ ಮೇಲೆ ಕೊರೆದಿರುವ ಒರಟು ಗೆರೆಗಳೊಳಗೆ ತುಕ್ಕೂ ಸತ್ತ ಚರ್ಮವೂ ಸೇರಿ ಕೂತರೆ ಬ್ರಷ್ ಹಿಡಿದು ಉಜ್ಜದೆ ಬೇರೆ ಉಪಾಯವಿಲ್ಲ. ಇನ್ನೊಂದು ಮಾತನ್ನು ಗೋಡೆಯ ಮೇಲೆಯೇ ಬರೆಸಿದ್ದೇನೆ: ಈ ಬ್ಲೀಚ್ ದ್ರಾವಣಕ್ಕೆ ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆಸಕೂಡದು, ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ.

ಚಿಕ್ಕಂದಿನಲ್ಲಿ ನಾನು ಹೋಗುತ್ತಿದ್ದ ಗರಡಿಮನೆ ಆ ದಿನಗಳಲ್ಲಿ ಪದೇ ಪದೇ ನೆನಪಾಗುತ್ತಿತ್ತು. ಅಖಾಡದ ಕೆಮ್ಮಣ್ಣಿಗೆ ಅರಿಸಿನ, ಮಜ್ಜಿಗೆ, ನಿಂಬೆರಸ, ಬೇವಿನ ಸೊಪ್ಪು ಬೆರೆಸಿ ಹದ ಮಾಡುತ್ತಿದ್ದರು. ಅದು ಸೋಂಕನ್ನು ಎಷ್ಟು ತಡೆಯುತ್ತಿತ್ತೆಂದು ನಾನು ವಾದಿಸಲಾರೆ. ಆದರೆ ಮೈಮೇಲೆ ಗಾಯವೋ ಗಜಕರ್ಣವೋ ಇದ್ದವನನ್ನು ನಮ್ಮ ವಸ್ತಾದರು ಮಣ್ಣಿಗೆ ಇಳಿಸುತ್ತಿರಲಿಲ್ಲ, ಲಂಗೋಟಿಯನ್ನು ಇನ್ನೊಬ್ಬರಿಗೆ ಕೊಡಲು ಬಿಡುತ್ತಿರಲಿಲ್ಲ. ಆ ಎರಡು ನಿಯಮ ಮಣ್ಣಿನ ಹದಕ್ಕಿಂತ ಹೆಚ್ಚು ಕೆಲಸ ಮಾಡಿರಬೇಕು. ಏರ್ ಕಂಡೀಷನರ್ ಹಾಕಿಸಿದ ನಾನು ಅವೆರಡನ್ನೂ ಗರಡಿಯಲ್ಲಿಯೇ ಬಿಟ್ಟು ಬಂದಿದ್ದೆ.

ಅದೇ ವರ್ಷ ಇನ್ನೊಂದು ಪಾಠವಾಯಿತು. ದೇಹದಾರ್ಢ್ಯ ಸ್ಪರ್ಧೆಗೆ ತಯಾರಾಗುತ್ತಿದ್ದ ಮೂವರು ಹುಡುಗರು ಎದೆ, ತೊಡೆಯ ಕೂದಲನ್ನು ಒಂದೇ ರೇಜರಿನಲ್ಲಿ ಬೋಳಿಸಿಕೊಂಡಿದ್ದರು. ಒಬ್ಬನ ತೊಡೆಯಲ್ಲಿ ಎದ್ದ ಕುರುವನ್ನು ಅವನೇ ಹಿಚುಕಿ, ಅದೇ ಕೈಯಲ್ಲಿ ಡಂಬೆಲ್ ಹಿಡಿದ. ಸ್ಟ್ಯಾಫಿಲೋಕಾಕಸ್ ಔರಿಯಸ್ ಎಂಬ ಬ್ಯಾಕ್ಟೀರಿಯಾ ಸುಮಾರು ಮೂವರಲ್ಲಿ ಒಬ್ಬರ ಮೂಗಿನಲ್ಲಿ ಏನೂ ತೊಂದರೆ ಕೊಡದೆ ಇರುತ್ತದೆ, ಚರ್ಮದಲ್ಲಿ ಕಣ್ಣಿಗೆ ಕಾಣದ ಗೀರು ಸಿಕ್ಕರೆ ಮಾತ್ರ ಒಳಗೆ ನುಗ್ಗಿ ಕೀವು ಕಟ್ಟುತ್ತದೆ. ಸಾಮಾನ್ಯ ಆಂಟಿಬಯೋಟಿಕ್‌ಗಳಿಗೆ ಬಗ್ಗದ ಎಂಆರ್‌ಎಸ್‌ಎ ಕೂಡ ಇದೇ ಜಾತಿಗೆ ಸೇರಿದ್ದು. ಹುಡುಗನಿಗೆ ಜ್ವರ ಬಂದು, ಆಸ್ಪತ್ರೆಯಲ್ಲಿ ಕೊಯ್ದು ಕೀವು ತೆಗೆಸಬೇಕಾಯಿತು, ಸ್ಪರ್ಧೆ ಕೈತಪ್ಪಿತು. ಅಂದಿನಿಂದ ಗಾಯವಿದ್ದವರು ಅದನ್ನು ಪೂರ್ತಿ ಮುಚ್ಚುವ ಪಟ್ಟಿ ಹಾಕಿಕೊಂಡು ಬರಬೇಕು, ಪಟ್ಟಿಯಿಂದ ಹೊರಗೆ ರಸಿಕೆ ಬರುತ್ತಿದ್ದರೆ ಬರಲೇಬಾರದು.

ಗಾಳಿಯ ವಿಷಯ ನನಗೆ ಕೋವಿಡ್ ಕಾಲದಲ್ಲಿ ಅರ್ಥವಾಯಿತು. 2020ರ ಆಗಸ್ಟ್ 5ರಿಂದ ಜಿಮ್ ತೆರೆಯಲು ಅನುಮತಿ ಸಿಕ್ಕಾಗ ಕೇಂದ್ರ ಆರೋಗ್ಯ ಸಚಿವಾಲಯದ ಸೂಚನೆಯಲ್ಲಿ ಒಬ್ಬರಿಗೆ ನಾಲ್ಕು ಚದರ ಮೀಟರ್ ಜಾಗ, ಉಪಕರಣಗಳ ನಡುವೆ ಆರಡಿ ಅಂತರ ಎಂದಿತ್ತು. ಅಂತರಕ್ಕೆಂದು ಕಿಟಕಿಗೆ ಅಡ್ಡವಿದ್ದ ಕನ್ನಡಿಯೊಂದನ್ನು ಸರಿಸಿ, ಎದುರು ಗೋಡೆಗೆ ಎಕ್ಸಾಸ್ಟ್ ಫ್ಯಾನ್ ಕೂರಿಸಿದೆ. ಮ್ಯಾಟುಗಳು ಬೇಗ ಒಣಗತೊಡಗಿದ್ದು ಅದರಿಂದಲೇ.

ಎಲ್ಲಕ್ಕಿಂತ ಕಷ್ಟವಾದದ್ದು ಜನರೊಡನೆ ಮಾತನಾಡುವುದು. ತಿಂಗಳಿಗೆ ದುಡ್ಡು ಕೊಟ್ಟು ಬರುವವರಿಗೆ "ನಿಮ್ಮ ಚರ್ಮ ವಾಸಿಯಾಗುವವರೆಗೆ ಬರಬೇಡಿ" ಎನ್ನುವುದು ಹೇಗೆ? ಮೊದಲ ಸಲ ಒಬ್ಬರಿಗೆ ಎಲ್ಲರೆದುರು ಹೇಳಿದ್ದರಿಂದ ಅವರು ಮತ್ತೆ ಬರಲೇ ಇಲ್ಲ, ಉಳಿದವರು ಕಲೆ ಮುಚ್ಚಲು ತುಂಬು ತೋಳಿನ ಅಂಗಿ ತೊಡತೊಡಗಿದರು. ಆಮೇಲೆ ನನ್ನ ಆಫೀಸಿನೊಳಗೆ ಕರೆದು, ನನ್ನ ಸೊಂಟದ ಕಪ್ಪು ಕಲೆಯನ್ನು ಮೊದಲು ತೋರಿಸಿ, ಬಿಟ್ಟ ದಿನಗಳಷ್ಟು ಶುಲ್ಕದ ಅವಧಿಯನ್ನು ಮುಂದಕ್ಕೆ ಹಾಕುತ್ತೇನೆ ಎಂದು ಬರೆದು ಕೊಡುವುದಕ್ಕೆ ಶುರುಮಾಡಿದೆ. ಕೆಲವರು ತಾವಾಗಿಯೇ ಬಂದು ತೋರಿಸತೊಡಗಿದರು. ದೊಡ್ಡ ಟವೆಲ್ ಹಾಸದೆ ಬೆಂಚಿನ ಮೇಲೆ ಮಲಗುವಂತಿಲ್ಲ ಎಂಬ ನಿಯಮಕ್ಕೆ ಗೊಣಗುವವರು ಈಗಲೂ ಇದ್ದಾರೆ. ಟವೆಲ್ ಮರೆತವರಿಗೆ ಕೊಡಲು ನಾನೇ ಹತ್ತು ಟವೆಲ್ ಇಟ್ಟಿದ್ದೆ, ತಿಂಗಳೊಳಗೆ ಆರು ಕಾಣೆಯಾದವು.

ತೂಕ ಎತ್ತುವಾಗ ಸೊಂಟಕ್ಕೆ ಕಟ್ಟುವ ಬೆಲ್ಟುಗಳದು ಇನ್ನೂ ಬಗೆಹರಿದಿಲ್ಲ. ಚರ್ಮದ ಬೆಲ್ಟನ್ನು ನೆನೆಸುವಂತಿಲ್ಲ, ಒರೆಸಿದರೆ ಸಾಲದು, ಸ್ವಂತದ್ದು ಕೊಳ್ಳಿ ಎಂದರೆ ವಿದ್ಯಾರ್ಥಿಗಳಿಗೆ ಕೈಗೆಟುಕದು. ಸದ್ಯ ಅಂಗಿಯ ಮೇಲೆಯೇ ಕಟ್ಟಿಸುತ್ತೇನೆ, ರಾತ್ರಿ ಬಾಗಿಲು ಹಾಕುವಾಗ ನಾಲ್ಕನ್ನೂ ಬಿಚ್ಚಿ ಎಕ್ಸಾಸ್ಟ್ ಫ್ಯಾನಿನ ಎದುರು ನೇತುಹಾಕುತ್ತೇನೆ.