ಲೈಸೆನ್ಸಿನ ಮೇಲೆ ‘ಇನ್ಸುಲಿನ್’ ಅಂತ ಬರೆಸಿದೆ

ನನಗೆ 22 ವರ್ಷದಿಂದ ಟೈಪ್ 1 ಡಯಾಬಿಟಿಸ್. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತೇನೆ, ಕಾರನ್ನೂ ಓಡಿಸುತ್ತೇನೆ. ಲೈಸೆನ್ಸಿನ ಮೇಲೆ ಕನ್ನಡಕ ಕಡ್ಡಾಯ ಅಂತಿತ್ತು. ಡಯಾಬಿಟಿಸ್ ಬಗ್ಗೆ ಒಂದಕ್ಷರ ಇರಲಿಲ್ಲ, ಬೇಕು ಅಂತಲೂ ಅನ್ನಿಸಿರಲಿಲ್ಲ.

ಒಂದು ಸಂಜೆ ಕಾರು ಓಡಿಸುತ್ತಿದ್ದಾಗಲೇ ಶುಗರ್ ಇಳಿಯಿತು. ಅಂಗಿ ಬೆನ್ನಿಗೆ ಅಂಟುವಷ್ಟು ಬೆವರು, ಕೈ ನಡುಕ. ಹೇಗೋ ಕಾರನ್ನು ಬದಿಗೆ ತಂದು ನಿಲ್ಲಿಸಿದ್ದು, ಇಂಡಿಕೇಟರ್ ಟಿಕ್ ಟಿಕ್ ಅನ್ನುತ್ತಲೇ ಇದ್ದದ್ದು ನೆನಪಿದೆ. ಪೊಲೀಸರೊಬ್ಬರು ಗಾಜು ತಟ್ಟಿ "ಎಷ್ಟು ಕುಡಿದಿದ್ದೀರಿ?" ಅಂದರು. "ಕುಡಿದಿಲ್ಲ ಸರ್, ಶುಗರ್" ಅನ್ನಲು ಹೋದರೆ ನಾಲಿಗೆ ಹೊರಳಲೇ ಇಲ್ಲ. ಅವರು ಲೈಸೆನ್ಸ್ ತೆಗೆದುಕೊಂಡು ಟಾರ್ಚ್ ಬೆಳಕಲ್ಲಿ ಹಿಂದೆ ಮುಂದೆ ತಿರುಗಿಸಿ ನೋಡಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ತೊದಲು, ತೂರಾಟ, ತಬ್ಬಿಬ್ಬು ಎಲ್ಲ ಕುಡಿದವರದ್ದೇ ಲಕ್ಷಣ. ಮೆದುಳಿಗೆ ಗ್ಲೂಕೋಸ್ ಸಾಲದಾದಾಗಲೂ ಹಾಗೇ ಆಗುತ್ತದೆ.

ಅಷ್ಟರಲ್ಲಿ ಜನ ಸೇರಿದ್ದರು. ಸೀಟಿನ ಮೇಲಿದ್ದ ಇನ್ಸುಲಿನ್ ಪೆನ್ ನೋಡಿದ ಒಬ್ಬರು, "ಸಕ್ಕರೆ ಕಾಯಿಲೆ ಇರಬೇಕು, ಸಿಹಿ ಗಿಹಿ ಕೊಡಬೇಡಿ, ಆ ಇಂಜೆಕ್ಷನ್ನೇ ಚುಚ್ಚಿ" ಅಂದರು. ಅದು ನನಗೆ ಕೇಳಿಸಿತು. ಇನ್ಸುಲಿನ್ ಚುಚ್ಚಿದರೆ ಇಳಿದ ಶುಗರ್ ಇನ್ನೂ ಇಳಿಯುತ್ತದೆ. ಬೇಡ ಅನ್ನಲು ಬಾಯಿ ಬರಲಿಲ್ಲ. ಆ ಭಯ ಇವತ್ತಿಗೂ ಹೋಗಿಲ್ಲ. ಆಗ ಹಿಂದಿನಿಂದ ಬಂದ ಒಬ್ಬ ಹೆಣ್ಣುಮಗಳು, ಅವರ ತಂದೆಗೂ ಹೀಗೇ ಆಗುತ್ತಿತ್ತಂತೆ, ಜ್ಯೂಸ್ ಡಬ್ಬಿ ಒಡೆದು ನನ್ನ ಕೈಗೆ ಕೊಟ್ಟು, ಹಿಡಿದುಕೊಂಡು ಕುಡಿಸಿದರು. ಹತ್ತು ನಿಮಿಷದ ಮೇಲೆ ಶುಗರ್ ಮೀಟರ್ 58 ತೋರಿಸಿತು. 70ಕ್ಕಿಂತ ಕೆಳಗೆ ಹೋದರೇ ಕಡಿಮೆ ಅಂತ ಲೆಕ್ಕ.

ಲೈಸೆನ್ಸ್ ನವೀಕರಣಕ್ಕೆ ಬಂದಾಗ ವೈದ್ಯರ ಪತ್ರ ಹಿಡಿದು ಹೋದೆ. ಹೇಳಿದರೆ ಲೈಸೆನ್ಸೇ ಸಿಗದಿದ್ದರೆ ಅನ್ನುವ ಅಳುಕು ನನಗೂ ಇತ್ತು. ಆದರೆ ಇಲ್ಲಿ ಎರಡು ಬೇರೆ ಸಂಗತಿಗಳಿವೆ. ಅರ್ಜಿಯಲ್ಲಿ ಕೇಳಿದ ಆರೋಗ್ಯದ ಪ್ರಶ್ನೆಗೆ ನಿಜ ಹೇಳುವುದು ಕರ್ತವ್ಯ, ರಸ್ತೆಯಲ್ಲಿರುವುದು ನಾವೊಬ್ಬರೇ ಅಲ್ಲವಲ್ಲ. ಕಾರ್ಡಿನ ಮೇಲೆ ಕಾಯಿಲೆ ಕಾಣುವಂತೆ ಬರೆಸುವುದು ಮಾತ್ರ ಬಹುಪಾಲು ನಮ್ಮ ಇಷ್ಟ. ಯುರೋಪಿನ ಕಾರ್ಡುಗಳಲ್ಲಿ ದೃಷ್ಟಿಗೆ 01, ಶ್ರವಣ ಸಾಧನಕ್ಕೆ 02 ಅನ್ನುವ ಸಂಕೇತಗಳಿವೆ, ಆದರೆ ಅವು ಚಾಲನೆಯ ಷರತ್ತುಗಳು. ಅಮೆರಿಕದ ಕೆಲವು ರಾಜ್ಯಗಳಲ್ಲಿ ಕೇಳಿಕೊಂಡರೆ ಇನ್ಸುಲಿನ್ ಅವಲಂಬಿತರು ಅಂತ ಸೇರಿಸುತ್ತಾರೆ. ಎಷ್ಟೋ ಕಡೆ ಈ ಅವಕಾಶವೇ ಇಲ್ಲ.

ಏನು ಬರೆಸಬೇಕು ಅನ್ನುವುದಕ್ಕೇ ನಾನು ಹೆಚ್ಚು ತಲೆ ಕೆಡಿಸಿಕೊಂಡದ್ದು. ‘ಸಕ್ಕರೆ ಕಾಯಿಲೆ’ ಅಂತ ಓದಿದವರು ಮೊದಲು ಸಕ್ಕರೆಯನ್ನೇ ದೂರ ಇಡುತ್ತಾರೆ. ನನಗೆ ಆ ಹೊತ್ತಿಗೆ ಬೇಕಾದದ್ದೇ ಅದು. ಹಾಗಾಗಿ ಕಾಯಿಲೆಯ ಹೆಸರು ಬಿಟ್ಟು ‘ಇನ್ಸುಲಿನ್ ತೆಗೆದುಕೊಳ್ಳುವವರು’ ಅಂತ ಬರೆಸಿದೆ. ವೈದ್ಯಕೀಯ ಸಿಬ್ಬಂದಿಗೆ ಅಷ್ಟು ಸಾಕು, ಶುಗರ್ ಇಳಿದಿರಬಹುದು ಅನ್ನುವುದು ಅವರಿಗೆ ತಕ್ಷಣ ಹೊಳೆಯುತ್ತದೆ. ಉಳಿದವರಿಗಾಗಿ ಲೈಸೆನ್ಸಿನ ಹಿಂದೆಯೇ ಒಂದು ಚೀಟಿ ಇಟ್ಟೆ: "ನಾನು ತೊದಲುತ್ತಿದ್ದರೆ ಕುಡಿದಿದ್ದೇನೆ ಅಂದುಕೊಳ್ಳಬೇಡಿ. ಎಚ್ಚರ ಇದ್ದರೆ ಸಿಹಿ ಕೊಡಿ. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಆಂಬುಲೆನ್ಸ್ ಕರೆಯಿರಿ. ಇನ್ಸುಲಿನ್ ಕೊಡಬೇಡಿ." ಮೊದಲ ಚೀಟಿಯಲ್ಲಿ ಹನ್ನೊಂದು ಸಾಲಿತ್ತು. ಅಕ್ಕನ ಕೈಗೆ ಕೊಟ್ಟು ಓದಲು ಹೇಳಿದಾಗ ಮೂರನೇ ಸಾಲಿಗೇ, "ಇದನ್ನು ಓದಿ ಮುಗಿಸೋ ಹೊತ್ತಿಗೆ ನಿನ್ನ ಕಥೆ ಏನೋ?" ಅಂದಳು. ಅವಳೇ ಕೂತು ಹೆಚ್ಚಿನ ಸಾಲುಗಳನ್ನೆಲ್ಲ ಹೊಡೆದು ಹಾಕಿದಳು.

ಅಪರಿಚಿತರಿಗೆಲ್ಲ ಲೈಸೆನ್ಸ್ ತೋರಿಸುವಾಗ ಕಾಯಿಲೆ ಕಾಣುತ್ತದಲ್ಲ ಅನ್ನುವ ಸಂಕೋಚ ಕೆಲವರಿಗಿದೆ. ಅದು ಸಣ್ಣ ಮಾತಲ್ಲ. ಬೇಡ ಅನ್ನಿಸಿದರೆ ಮೊಬೈಲಿನ ಲಾಕ್ ಸ್ಕ್ರೀನಿನಲ್ಲಿ ತುರ್ತು ವೈದ್ಯಕೀಯ ಮಾಹಿತಿ ಹಾಕಿಡಿ, ಅದನ್ನೇ ಬರೆದ ಪಟ್ಟಿಯನ್ನು ಕೈಗೆ ಕಟ್ಟಿಕೊಳ್ಳಿ. ಜೇಬಿನ ಕಾರ್ಡಿಗಿಂತ ಕೈಪಟ್ಟಿ ಬೇಗ ಕಣ್ಣಿಗೆ ಬೀಳುತ್ತದೆ. ನಾನು ಕಾರ್ಡು, ಕೈಪಟ್ಟಿ ಎರಡನ್ನೂ ಇಟ್ಟುಕೊಂಡಿದ್ದೇನೆ.

ಬ್ರಿಟನ್ನಿನಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಚಾಲಕರಿಗೆ ಹೇಳುವುದನ್ನೇ ನಾನೂ ಪಾಲಿಸುತ್ತೇನೆ: ಹೊರಡುವ ಮುಂಚೆ ಪರೀಕ್ಷೆ, ದೂರ ಹೋಗುವಾಗ ಎರಡು ಗಂಟೆಗೊಮ್ಮೆ ಮತ್ತೆ. 90ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿನ್ನಬೇಕು. ಇಳಿಯಿತು ಅನ್ನಿಸಿದರೆ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಕೀ ತೆಗೆದು, ಚಾಲಕನ ಸೀಟು ಬಿಟ್ಟು ಪಕ್ಕಕ್ಕೆ ಸರಿಯಬೇಕು. ಶುಗರ್ ಸರಿಹೋದ ಮೇಲೂ 45 ನಿಮಿಷ ಸ್ಟೀರಿಂಗ್ ಮುಟ್ಟುವಂತಿಲ್ಲ, ಮೆದುಳು ಚೇತರಿಸಿಕೊಳ್ಳಲು ಅಷ್ಟು ಹೊತ್ತು ಬೇಕು. ಬಾಗಿಲಿನ ಗೂಡಿನಲ್ಲಿ ಗ್ಲೂಕೋಸ್ ಮಾತ್ರೆ ಇರುತ್ತದೆ. ಒಂದರಲ್ಲಿ 4 ಗ್ರಾಂ, ನಾಲ್ಕು ಅಗಿದರೆ 16. ಹದಿನೈದು ನಿಮಿಷ ಬಿಟ್ಟು ಮತ್ತೆ ಬೆರಳು ಚುಚ್ಚಿ ನೋಡುತ್ತೇನೆ.

ಚೀಟಿ ಮಡಿಕೆಯಲ್ಲಿ ಸವೆದು ‘ಕೊಡಬೇಡಿ’ ಅನ್ನುವ ಪದವೇ ಅಳಿಸಿಹೋಗಿತ್ತು. ‘ಇನ್ಸುಲಿನ್’ ಮಾತ್ರ ಉಳಿದಿತ್ತು. ಎದೆ ಧಸಕ್ಕೆಂದಿತು. ಹೋದ ತಿಂಗಳು ಹೊಸದು ಬರೆದು ಲ್ಯಾಮಿನೇಟ್ ಮಾಡಿಸಿದೆ.